ಒಂದು ಬೆರಳಿನ ಅಗುಳಿ

ಮೀಸೆ ಎಲ್ಲಿ ಹೋಯಿತು ಎಂದು ಕೇಳುವವರಿಗೆ ಒಬ್ಬೊಬ್ಬರಿಗೆ ಒಂದೊಂದು ಸುಳ್ಳು ಹೇಳಿ ಸಾಕಾಗಿದೆ. ಒಬ್ಬನಿಗೆ ಸೆಖೆ ಎಂದೆ, ಇನ್ನೊಬ್ಬನಿಗೆ ನರೆತು ಹೋಗಿತ್ತು ಎಂದೆ. ನಿಜ ಅದಲ್ಲ. ನಿಜ ಹೇಳಬೇಕಾದರೆ ಒಂದು ಕೋಳಿಗೂಡಿನ ಕಥೆ ಹೇಳಬೇಕು, ಅದನ್ನು ಹೇಳಲು ನಾಚಿಕೆಯಾಗುತ್ತದೆ. ಆಗಲಿ, ಹೇಳಿಬಿಡುತ್ತೇನೆ.

ನಾನು ಬಡಗಿ. ಮೂವತ್ತೆಂಟು ವರ್ಷದಿಂದ ಉಳಿ ಹಿಡಿದಿದ್ದೇನೆ. ಬೀರು, ಮೇಜಿನ ಖಾನೆ, ಕಿಟಕಿ, ಬಾಗಿಲು ಏನೇ ಇರಲಿ, ನಾನು ಮಾಡಿದ್ದು ಒಂದು ಬೆರಳಿಗೆ ಸರಿಯಬೇಕು. ಎರಡು ಬೆರಳು ಬೇಕಾದರೆ ಅದು ಮರಗೆಲಸವಲ್ಲ, ಸೌದೆ ಕೆಲಸ. ಹೀಗೆ ಸಿಕ್ಕಸಿಕ್ಕವರ ಮುಂದೆ ಜಂಬ ಕೊಚ್ಚಿಕೊಂಡಿದ್ದರಿಂದಲೇ ನನಗೆ ‘ಬೆಣ್ಣೆ ಬಡಗಿ’ ಎಂದು ಹೆಸರು ಬಿತ್ತು. ಆಡಿಕೊಳ್ಳಲು ಇಟ್ಟ ಹೆಸರು ಅದು. ನಾನೋ, ಬಿರುದು ಕೊಟ್ಟರೆಂದು ತಿಳಿದು ಅಂಗಡಿಯ ಹಲಗೆಯ ಮೇಲೇ ಬರೆಸಿದೆ.

ಅಕ್ಕ ನನಗಿಂತ ಆರು ವರ್ಷಕ್ಕೆ ದೊಡ್ಡವಳು. ಭಾವ ತೀರಿಕೊಂಡ ಮೇಲೆ ಹಿತ್ತಲಲ್ಲಿ ಕೋಳಿ ಸಾಕತೊಡಗಿದಳು. ಒಂದೊಂದಕ್ಕೂ ಒಂದೊಂದು ಹೆಸರು. ಕತ್ತು ನೆಟ್ಟಗೆ ಮಾಡಿ ನಡೆಯುವವಳು ಟೀಚರಮ್ಮ. ಮೊಟ್ಟೆ ಇಡುವ ಮೊದಲೇ ಬೀದಿಗೆಲ್ಲ ಸಾರುವವಳು ಡಂಗುರ. ನನ್ನ ಕಾಲು ಕಂಡರೆ ಸಾಕು, ಕುಕ್ಕಲು ಓಡಿ ಬರುವವಳು ಜಗಳಗಂಟಿ. ರಾತ್ರಿ ಅವನ್ನೆಲ್ಲ ದೊಡ್ಡ ಬುಟ್ಟಿಗಳ ಅಡಿಯಲ್ಲಿ ಮುಚ್ಚಿ, ಮೇಲೆ ಒಂದು ಕಲ್ಲು ಹೇರುತ್ತಿದ್ದಳು. ಒಂದು ದಿನ ಕಾಡುಬೆಕ್ಕು ಬುಟ್ಟಿ ಮಗುಚಿ ಎರಡನ್ನು ಎಳೆದುಕೊಂಡು ಹೋಯಿತು. ಉಳಿದದ್ದು ಒಂಬತ್ತು.

“ತಮ್ಮಾ, ನಂಗೊಂದು ಗೂಡು ಮಾಡ್ಕೊಡೋ,” ಎಂದಳು ಅಕ್ಕ. “ಬೆಕ್ಕು, ನಾಯಿ, ಮುಂಗುಸಿ ಯಾವ್ದೂ ಒಳಗೆ ಹೋಗಬಾರ್ದು. ಆದ್ರೆ ಚಿಲಕ ಮಾತ್ರ ಬಿಗಿ ಇಡಬೇಡಪ್ಪ. ನನ್ನ ಬೆರಳು ಮೊದ್ಲಿನ ಹಾಗಿಲ್ಲ.”

ಅವಳ ಬೆರಳಿನ ಗೆಣ್ಣುಗಳು ಊದಿಕೊಂಡಿದ್ದವು. ಡಬ್ಬಿಯ ಮುಚ್ಚಳ ತೆಗೆಯುವುದಕ್ಕೂ ಪಕ್ಕದ ಮನೆಯವರನ್ನು ಕರೆಯುತ್ತಿದ್ದಳು.

ಮೂರು ದಿನ ಬೇರೆ ಕೆಲಸ ಮುಟ್ಟಲಿಲ್ಲ. ನಾಲ್ಕು ಕಂಬ ನೆಟ್ಟು, ಮೊಣಕಾಲೆತ್ತರಕ್ಕೆ ಹಲಗೆಯ ನೆಲ ಹಾಸಿದೆ. ಗೋಡೆಗೆ ಅರ್ಧ ಇಂಚಿನ ಕಣ್ಣಿನ ದಪ್ಪ ಜಾಲರಿ. ಅದನ್ನು ಕೆಳಗೆ ಮಣ್ಣಿನೊಳಕ್ಕೂ ಒಂದಡಿ ಇಳಿಸಿ, ಹೊರಗಡೆಗೆ ಬಗ್ಗಿಸಿ, ಮೇಲೆ ಕಲ್ಲು ಜೋಡಿಸಿದೆ. ಯಾವ ಪ್ರಾಣಿ ಬಂದು ಕೆರೆದರೂ ಉಗುರು ಜಾಲರಿಗೇ ತಾಗಬೇಕು. ಗಾಳಿಕಿಂಡಿಗೂ ಜಾಲರಿ, ತಗಡಿನ ಮಾಡಿನ ಸಂದಿಗೂ ಪಟ್ಟಿ. ಕೊನೆಗೆ ಬಾಗಿಲು. ಬಾಗಿಲಿಗೆ ಮರದ ಅಗುಳಿ, ಅಡ್ಡಕ್ಕೆ ಸರಿದು ಚೌಕಟ್ಟಿನ ತೂತಿಗೆ ಕೂರುವಂಥದ್ದು. ಅದನ್ನು ಉಜ್ಜಿ ಉಜ್ಜಿ, ಜೇನುಮೇಣ ಸವರಿ, ಅಕ್ಕನ ಕಿರುಬೆರಳಿಗೂ ಸರಿಯುವ ಹಾಗೆ ಮಾಡಿದೆ. ಅವಳು ಎಳೆದು ನೋಡಿ, ಮುಚ್ಚಿ ನೋಡಿ, ಚಿಕ್ಕ ಹುಡುಗಿಯ ಹಾಗೆ ನಕ್ಕಳು.

ಜಾಲರಿ ತಂದುಕೊಟ್ಟವನು ನನ್ನ ಅಂಗಡಿಯ ಎದುರಿನ ವೆಲ್ಡರ್. ಅವನೂ ನೋಡಲು ಬಂದಿದ್ದ. ಸುತ್ತು ಹಾಕಿ, ಕಲ್ಲು ಒದ್ದು, ಜಾಲರಿ ಜಗ್ಗಿ ನೋಡಿದ.

“ಎಲ್ಲಾ ಸರಿ ಕಣಯ್ಯಾ. ಈ ಅಗುಳಿ ಒಂದು ಸರಿ ಇಲ್ಲ. ಕಾಡುಬೆಕ್ಕಿನ ಕೈ ಅಂದ್ರೆ ಏನಂದ್ಕೊಂಡಿದೀಯ? ಒತ್ತಿ ಹಿಡಿದು ಆಮೇಲೆ ಎತ್ತಬೇಕು, ಅಂಥ ಕೊಕ್ಕೆ ಹಾಕು. ಎರಡು ಕೆಲಸ ಒಟ್ಟಿಗೆ ಪ್ರಾಣಿಗಳಿಗೆ ಆಗಲ್ಲ. ನನ್ನ ಹತ್ರ ಇದೆ, ಸ್ಪ್ರಿಂಗಿಂದು.”

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. “ನನ್ನ ಬಾಗಿಲಿಗೆ ನಿನ್ನ ತುಕ್ಕು ಕೊಕ್ಕೆನಾ? ಬೆಕ್ಕು ಬಂದು ನನ್ನ ಅಗುಳಿ ಎಳೆದ್ರೆ ಮೀಸೆ ಬೋಳಿಸ್ಕೋತೀನಿ, ಹೋಗಯ್ಯಾ!” ಎಂದೆ.

ಅವನು ಅಕ್ಕನ ಕಡೆ ನೋಡಿ ನಕ್ಕ.

ಎರಡು ವಾರ ಏನೂ ಆಗಲಿಲ್ಲ. ಮೂರನೇ ವಾರದ ಮಂಗಳವಾರ ಬೆಳಿಗ್ಗೆ ಅಕ್ಕ ಫೋನ್ ಮಾಡಿದಳು. “ತಮ್ಮಾ, ಬಾರೋ,” ಎಂದಳು, ಫೋನ್ ಇಟ್ಟಳು.

ಹೋಗಿ ನೋಡಿದರೆ ಗೂಡಿನ ಬಾಗಿಲು ಹಾರುಹೊಡೆದಿತ್ತು. ಒಳಗೆ ಐದು ಸತ್ತು ಬಿದ್ದಿದ್ದವು. ಟೀಚರಮ್ಮ, ಡಂಗುರ, ಇನ್ನೂ ಮೂರು. ಬದುಕಿದ ಮೂರು ಒಂದು ಮೂಲೆಯಲ್ಲಿ ಒಂದರ ಮೇಲೊಂದು ಹತ್ತಿ ಕೂತಿದ್ದವು. ಜಗಳಗಂಟಿ ಕಾಂಪೌಂಡ್ ಗೋಡೆಯ ಮೇಲಿತ್ತು. ಜಾಲರಿ ಹರಿದಿರಲಿಲ್ಲ, ಕಲ್ಲು ಅಲುಗಿರಲಿಲ್ಲ, ಮಾಡಿನ ಪಟ್ಟಿ ಹಾಕಿದ ಹಾಗೇ ಇತ್ತು. ಅಗುಳಿ ಮಾತ್ರ ಪೂರ್ತಿ ಈಚೆಗೆ ಸರಿದಿತ್ತು.

ಅದನ್ನು ನೋಡಿ ನನಗೆ ಮೊದಲು ಆದದ್ದು ಸಮಾಧಾನ. ನಾಚಿಕೆಯಿಲ್ಲದೆ ಹೇಳುತ್ತೇನೆ, ಸಮಾಧಾನವೇ ಆಯಿತು. ನನ್ನ ಕೆಲಸ ಸರಿಯಾಗಿಯೇ ಇದೆಯಲ್ಲ! ಆಮೇಲೆ ಕೋಪ ಬಂತು.

“ಅಗುಳಿ ಹಾಕಿದ್ಯಾ?”

“ಹಾಕಿದ್ದೆ.”

“ಹಾಕಿದ್ರೆ ತಾನಾಗೇ ತೆರ್ಕೊಳ್ತಾ?”

“ಹಾಕಿದ್ದೆ ಅನ್ಸುತ್ತೆ ಕಣೋ...”

“ಅನ್ಸುತ್ತಾ! ಅನ್ಸಿದ್ರೆ ಆಯ್ತಾ? ಮೂರು ದಿನ ಬೆನ್ನು ಮುರ್ಕೊಂಡು ಕೋಟೆ ಕಟ್ಟಿಕೊಟ್ರೆ ಬಾಗಿಲು ಹಾಕೋಕೆ ಮರೀತೀಯಲ್ಲ! ಮೊನ್ನೆ ಹಾಲು ಉಕ್ಕಿಸಿದೆ. ಕನ್ನಡಕ ತಲೆ ಮೇಲಿಟ್ಕೊಂಡು ಮನೆಯೆಲ್ಲ ಹುಡುಕಿದೆ. ಅಮ್ಮಂಗೂ ಹೀಗೇ ಶುರುವಾಗಿದ್ದು, ಗೊತ್ತಾ?”

ನಾಲಿಗೆಗೆ ಎಲುಬಿಲ್ಲ. ಅಮ್ಮನ ವಿಷಯ ನಾನು ಎತ್ತಬಾರದಿತ್ತು. ಅಮ್ಮ ಕೊನೆಯ ನಾಲ್ಕು ವರ್ಷಗಳಲ್ಲಿ ಮೊದಲು ಒಲೆ ಮರೆತಳು, ಆಮೇಲೆ ದಾರಿ ಮರೆತಳು, ಆಮೇಲೆ ನಮ್ಮನ್ನು ಮರೆತಳು. ಮೀಯಿಸಿ, ಬಟ್ಟೆ ಹಾಕಿ, ಬಾಯಿಗೆ ತುತ್ತಿಡುತ್ತಿದ್ದವಳು ಅಕ್ಕ. ಅವಳನ್ನೇ ಅಮ್ಮ, “ಯಾರಮ್ಮಾ ನೀನು, ಹೊತ್ತಾಯ್ತು, ನಿಮ್ಮನೇಲಿ ಕಾಯ್ತಾರೆ, ಹೋಗು,” ಎನ್ನುತ್ತಿದ್ದಳು. ಅಕ್ಕ ಹೊರಗೆ ಬಂದು ಅಳುತ್ತಿದ್ದದ್ದನ್ನು ನೋಡಿದವನು ನಾನೊಬ್ಬನೇ. ತನಗೂ ಹಾಗೆ ಆದೀತೆಂಬ ಭಯ ಅವಳಿಗಿದೆ ಎಂದು ತಿಳಿದವನೂ ನಾನೊಬ್ಬನೇ.

ಅಕ್ಕ ಕೂತು ಸತ್ತ ಕೋಳಿಗಳನ್ನು ಒಂದೊಂದಾಗಿ ಗೋಣಿಯ ಮೇಲಿಟ್ಟಳು. ಡಂಗುರದ ರೆಕ್ಕೆ ಮಡಿಸಿ ಇಟ್ಟಳು. ನಾನು ಮನೆಗೆ ಹೋಗಿ ಹೊಟ್ಟೆ ತುಂಬ ತಿಂಡಿ ತಿಂದೆ.

ಮರುದಿನ ಬುಧವಾರ, ಬಾಗಿಲಿನ ತಿರುಗಣಿ ಸಡಿಲಾಗಿದೆಯೋ ಏನೋ ನೋಡೋಣ ಎಂದು ಹೋದೆ. ಅಕ್ಕ ಅಡುಗೆಮನೆಯಲ್ಲಿದ್ದಳು. ಬಿಸಿಲು ಓರೆಯಾಗಿ ಬಾಗಿಲ ಮೇಲೆ ಬಿದ್ದಿತ್ತು. ಅಗುಳಿಯ ಹಿಡಿಯ ಪಕ್ಕ ಮೇಣದ ಮೇಲೆ ಏನೋ ಕಂಡಿತು. ಬಗ್ಗಿ ನೋಡಿದೆ. ನಾಲ್ಕು ಗೀರು. ಕೂದಲೆಳೆಯಷ್ಟು ಸಣ್ಣವು, ಒಂದರ ಪಕ್ಕ ಒಂದು, ನಾಲ್ಕೂ ತೆರೆಯುವ ಕಡೆಗೇ ಎಳೆದಂಥವು. ಅದರ ಕೆಳಗೆ ಮತ್ತೆ ನಾಲ್ಕು. ಆಮೇಲೆ ಚೌಕಟ್ಟಿನ ಮೇಲೂ ಕಂಡವು.

ಬೇರೆಯವರಿಗೆ ಅದು ಏನೂ ಅಲ್ಲ. ಆದರೆ ಮರದ ಮೇಲಿನ ಗೀರು ಓದುವುದು ನನ್ನ ಕಸುಬು. ಉಳಿಯದ್ದು ಯಾವುದು, ಮೊಳೆಯದ್ದು ಯಾವುದು, ಇಲಿಯದ್ದು ಯಾವುದು ಎಂದು ಕಣ್ಣು ಮುಚ್ಚಿ ಬೆರಳಾಡಿಸಿಯೇ ಹೇಳುತ್ತೇನೆ. ಬೆಕ್ಕು ಎರಡು ಮೂರು ಸಲ ಜಾರಿ, ಕೊನೆಗೆ ಉಗುರು ಸಿಕ್ಕಿಸಿ ಎಳೆದಿತ್ತು. ನನ್ನ ಅಗುಳಿ ಸಲೀಸಾಗಿ ಸರಿದಿತ್ತು.

ಅಕ್ಕ ಮುಚ್ಚಿಯೇ ಇದ್ದಳು. ಮುಚ್ಚದಿದ್ದರೆ ಬೆಕ್ಕಿಗೆ ಎಳೆಯುವ ಕೆಲಸವೇ ಇರಲಿಲ್ಲ.

ಬಾಗಿಲು ಎಂದರೆ ಮನುಷ್ಯರಿಗೆ ಸುಲಭವಾಗಿರಬೇಕು ಅಂತಲೇ ಮೂವತ್ತೆಂಟು ವರ್ಷ ಕೆಲಸ ಮಾಡಿದವನು ನಾನು. ತೆರೆಯಬಾರದ ಬಾಗಿಲು ಹೇಗಿರಬೇಕು ಎಂದು ಒಂದು ದಿನವೂ ಯೋಚಿಸಿರಲಿಲ್ಲ. ವೆಲ್ಡರ್ ಬಾಯಿಬಿಟ್ಟು ಹೇಳಿದರೂ ಕೇಳಿರಲಿಲ್ಲ.

ಆಗ ಒಳಗೆ ಹೋಗಿ, “ಅಕ್ಕಾ, ತಪ್ಪು ನಂದು,” ಎಂದಿದ್ದರೆ ಮುಗಿಯುತ್ತಿತ್ತು. ನಾನು ಮಾಡಿದ್ದೇ ಬೇರೆ. ಜೇಬಿಗೆ ಕೈ ಹಾಕಿದೆ. ಜೇಬಿನಲ್ಲಿ ಯಾವತ್ತೂ ಒಂದು ಚೂರು ಉಪ್ಪುಕಾಗದ, ಅದೇ ಮರ ಉಜ್ಜುವ ಕಾಗದ, ಇರುತ್ತದೆ. ಅದನ್ನು ತೆಗೆದು ಗೀರುಗಳನ್ನು ಉಜ್ಜತೊಡಗಿದೆ. ಕೈ ತನ್ನಷ್ಟಕ್ಕೆ ಉಜ್ಜಿತು ಎಂದು ಹೇಳುವಂತಿಲ್ಲ. ನಾನೇ ಉಜ್ಜಿದೆ, ಅಡುಗೆಮನೆಯ ಕಿಟಕಿ ಕಡೆ ಒಂದು ಕಣ್ಣಿಟ್ಟುಕೊಂಡೇ ಉಜ್ಜಿದೆ.

ಕೊನೆಯ ಗೀರು ಹೋಗುವ ಹೊತ್ತಿಗೆ ಅಕ್ಕ ಚಹಾ ಹಿಡಿದು ಬಂದಳು. ನಾನು ಬಾಗಿದ್ದದ್ದನ್ನು ನೋಡಿ ನಿಂತಳು.

“ಅಷ್ಟು ನುಣ್ಣಗಿದ್ರೂ ಮತ್ತೆ ಉಜ್ತೀಯಲ್ಲೋ,” ಎಂದಳು. “ನಿನ್ನ ಕೆಲಸ ನಾನೇ ಹಾಳು ಮಾಡಿದೆ. ಬೇಜಾರ್ ಮಾಡ್ಕೋಬೇಡ ಕಣೋ.”

ಲೋಟ ಕೈಗೆ ತೆಗೆದುಕೊಂಡೆ. ಚಹಾ ಪೂರ್ತಿ ಕುಡಿದೆ.

ಇನ್ನು ನಾಲ್ಕು ಕೋಳಿ ಉಳಿದಿದ್ದವಲ್ಲ, ಅಗುಳಿ ಹಾಗೇ ಬಿಟ್ಟರೆ ಅವೂ ಹೋಗುತ್ತವೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ವೆಲ್ಡರ್ ಅಂಗಡಿಗೆ ಹೋಗಿ ಸ್ಪ್ರಿಂಗ್ ಕೊಕ್ಕೆ ಕೇಳಿದೆ.

“ಈಗ ಯಾಕೆ?” ಎಂದ.

“ಅಕ್ಕಂಗೆ ಮರೆವು ಜಾಸ್ತಿ ಆಗಿದೆ. ಅಗುಳಿ ಹಾಕೋದೇ ಮರೀತಾಳೆ. ಇದಾದ್ರೆ ತಾನೇ ಬೀಳುತ್ತೆ.”

ಅವನ ಕಣ್ಣು ನನ್ನ ಮೀಸೆಯ ಮೇಲೆ ಒಂದು ಗಳಿಗೆ ನಿಂತಿತು. ಕೊಕ್ಕೆ ತೆಗೆದು ಕೊಟ್ಟ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎನ್ನುತ್ತಾರಲ್ಲ, ಹಾಗೆ ನಾನು ಅಗುಳಿ ಕೀಳದೆ ಅದರ ಮೇಲ್ಗಡೆ ಕೊಕ್ಕೆ ಬಡಿದೆ. ಒತ್ತಿ ಹಿಡಿದು ಎತ್ತಬೇಕಾದ ಗಟ್ಟಿ ಕೊಕ್ಕೆ. ಅಕ್ಕ ಎರಡು ಕೈ ಹಚ್ಚಿ, ತುಟಿ ಕಚ್ಚಿ ಅದನ್ನು ತೆಗೆಯುವುದನ್ನು ನೋಡುತ್ತ ನಿಂತೆ. “ನಿನ್ನ ಮರೆವಿಗೆ ಇದೇ ಮದ್ದು,” ಎಂದೂ ಅಂದೆ. ಅವಳು ತಲೆಯಾಡಿಸಿದಳು.

ಜಗಳಗಂಟಿ ಮಾತ್ರ ಆ ಗೂಡಿಗೆ ಮತ್ತೆ ಹೋಗಲಿಲ್ಲ. ಸಂಜೆಯಾದರೆ ಗೋಡೆ ಹತ್ತಿ ಕೂರುತ್ತಿತ್ತು. ಹಿಡಿದು ಒಳಗೆ ಹಾಕಹೋದರೆ ನನ್ನ ಕೈಗೆ ರಕ್ತ ಬರುವ ಹಾಗೆ ಕುಕ್ಕಿತು. ಆ ಬೀದಿಯಲ್ಲಿ ನನ್ನನ್ನು ಸರಿಯಾಗಿ ಅರ್ಥ ಮಾಡಿಕೊಂಡಿದ್ದು ಅದೊಂದೇ.

ಆ ವಾರ ಅಕ್ಕನ ಮನೆಯಲ್ಲಿ ಚೀಟಿಗಳು ಕಾಣಿಸತೊಡಗಿದವು. ಅವಳ ದುಂಡು ಅಕ್ಷರದಲ್ಲಿ ಒಲೆಯ ಪಕ್ಕ, ‘ಆರಿಸಿದೆಯಾ?’ ನಲ್ಲಿಯ ಮೇಲೆ, ‘ನಿಲ್ಲಿಸಿದೆಯಾ?’ ಬಾಗಿಲ ಹಿಂದೆ, ‘ಕೀಲಿ?’ ಗೂಡಿನ ಕಂಬದ ಮೇಲೆ ಸೀಮೆಸುಣ್ಣದ ಗೆರೆಗಳು, ಪ್ರತಿ ಸಂಜೆ ಬಾಗಿಲು ಹಾಕಿದ್ದಕ್ಕೆ ಒಂದು. ಒಂದು ದಿನ ನನ್ನೆದುರೇ ಕೊಕ್ಕೆ ಹಾಕಿ, ಗೆರೆ ಎಳೆದು, ನಾಲ್ಕು ಹೆಜ್ಜೆ ಹೋದವಳು ತಿರುಗಿ ಬಂದಳು.

“ನಾನೀಗ ಹಾಕಿದ್ದು ನೀನೂ ನೋಡ್ದೆ ತಾನೆ?”

“ನೋಡ್ದೆ.”

“ಹಾಕಿದ್ದೀನಿ ತಾನೆ?”

“ಹಾಕಿದ್ದೀಯಕ್ಕ.”

ಅವಳ ಮುಖ ನೋಡಲು ಆಗಲಿಲ್ಲ. ಇವತ್ತು ಹೇಳಿಬಿಡಬೇಕು ಎಂದುಕೊಂಡೆ, ಬಾಯಿ ತೆರೆದೆ, ಮಾಡಿನ ತಗಡಿನ ಬಗ್ಗೆ ಏನೋ ಹೇಳಿ ಮುಚ್ಚಿದೆ. ಮಾರನೇ ದಿನವೂ ಹಾಗೇ ಆಯಿತು. ತಪ್ಪು ಒಂದು ದಿನದ್ದಾಗಿದ್ದಾಗ ಹೇಳಲು ನಾಚಿಕೆಯಾಗಿತ್ತು. ದಿನ ಕಳೆದಷ್ಟೂ, ಇಷ್ಟು ದಿನ ಯಾಕೆ ಹೇಳಲಿಲ್ಲ ಎನ್ನುವುದಕ್ಕೆ ಇನ್ನಷ್ಟು ನಾಚಿಕೆಯಾಯಿತು.

ಅಕ್ಕನಿಗೆ ಒಬ್ಬಳೇ ಮಗಳು, ಎರಡು ಬೀದಿ ಆಚೆ ಇರುತ್ತಾಳೆ. ಅವಳಿಗೆ ಏಳು ತಿಂಗಳ ಹೆಣ್ಣುಮಗು. ರಜೆ ಮುಗಿದು ಸೋಮವಾರದಿಂದ ಅವಳು ಕೆಲಸಕ್ಕೆ ಹೋಗಬೇಕಿತ್ತು. ಹಗಲು ಮಗುವನ್ನು ಅಕ್ಕ ನೋಡಿಕೊಳ್ಳುವುದೆಂದು ಹುಟ್ಟುವ ಮೊದಲೇ ತೀರ್ಮಾನವಾಗಿತ್ತು. ಅದಕ್ಕೆಂದೇ ನನ್ನಿಂದ ಒಂದು ತೊಟ್ಟಿಲು ಮಾಡಿಸಿ ತನ್ನ ಮನೆಯಲ್ಲಿಟ್ಟು, ದಿನಾ ಒರೆಸುತ್ತಿದ್ದಳು. ಅವಳು ಕಾಯುತ್ತಿದ್ದದ್ದು ಆ ಸೋಮವಾರಕ್ಕೆ.

ಮುಂದಿನ ವಾರದ ಗುರುವಾರ, ಆ ಸೋಮವಾರಕ್ಕೆ ನಾಲ್ಕು ದಿನ ಇರುವಾಗ, ಸೊಸೆ, ಅಂದರೆ ಅಕ್ಕನ ಈ ಮಗಳು, ನನ್ನ ಅಂಗಡಿಗೆ ಬಂದಳು. ಕಣ್ಣು ಕೆಂಪಗಿತ್ತು.

“ಮಾವ, ಅಮ್ಮ ಮಗೂನ ನೋಡ್ಕೊಳ್ಳಲ್ಲ ಅಂತಿದಾರೆ. ‘ಕೋಳಿಗೂಡು ಮುಚ್ಚೋಕೆ ಮರೆಯೋಳ ಕೈಗೆ ಮಗು ಕೊಡ್ತೀಯೇನೇ, ನಾಳೆ ಸ್ನಾನದ ನೀರಲ್ಲಿ ಬಿಟ್ಟು ಮರೆತ್ರೆ?’ ಅಂತಾರೆ. ಶಿಶುವಿಹಾರದಲ್ಲಿ ಹೆಸರು ಬರೆಸಿ ಬಂದೆ. ನೀವು ದಿನಾ ನೋಡ್ತೀರಲ್ಲ, ನಿಜ ಹೇಳಿ. ಅಮ್ಮಂಗೂ ಅಜ್ಜಿ ಥರಾನೇ ಆಗ್ತಿದ್ಯಾ?”

ಎದುರಿಗೆ ಕೂತು ನೇರವಾಗಿ ಕೇಳಿದಳು. ಇದಕ್ಕಿಂತ ಸುಲಭವಾದ ಪ್ರಶ್ನೆಯನ್ನು ಯಾರೂ ಕೇಳಲಾರರು. ‘ಇಲ್ಲ’ ಎಂದರೆ ಸಾಕಿತ್ತು. ಆದರೆ ‘ಹಾಗಾದರೆ ಬಾಗಿಲು?’ ಎಂದು ಅವಳು ಕೇಳುತ್ತಾಳೆ ಎಂದು ಹೆದರಿದೆ.

“ವಯಸ್ಸಾಯ್ತಲ್ಲಮ್ಮ,” ಎಂದೆ.

ಅವಳು ಕಣ್ಣೊರೆಸಿಕೊಂಡು ಎದ್ದು ಹೋದಳು. ಎದುರಿನ ಅಂಗಡಿಯ ವೆಲ್ಡರ್ ಕೆಲಸ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದ. ನಾನು ಬಾಗಿಲೆಳೆದುಕೊಂಡು ಒಳಗೆ ಕೂತೆ. ಛೀ, ಎಂಥ ಬಾಳು ನಿನ್ನದು ಎಂದು ನನಗೆ ನಾನೇ ಉಗಿದುಕೊಂಡೆ. ಉಗಿದುಕೊಂಡು ಮೇಜಿನ ಕಾಲು ಕೆತ್ತಿದೆ. ಆ ಕಾಲು ಕೂಡ ಸೊಟ್ಟಗಾಯಿತು.

ಭಾನುವಾರ ಅಕ್ಕ ಕರೆದಳು. ತೊಟ್ಟಿಲನ್ನು ಮಗಳ ಮನೆಗೆ ಸಾಗಿಸಬೇಕಂತೆ. ಹೋದಾಗ ಸೊಸೆಯೂ ಮಗುವೂ ಅಲ್ಲೇ ಇದ್ದರು. ಅಕ್ಕ ಮಗುವನ್ನು ಎತ್ತಿಕೊಂಡಿರಲಿಲ್ಲ. ದೂರದ ಕುರ್ಚಿಯಲ್ಲಿ ಕೂತು ಅದರ ಕಡೆ ನೋಡಿ ನಗುತ್ತಿದ್ದಳು. ಅದು ಕೈ ಚಾಚಿದರೂ ಎತ್ತಿಕೊಳ್ಳಲಿಲ್ಲ.

“ಇಲ್ಲಿ ಸುಮ್ನೆ ಜಾಗಕ್ಕೆ ಕೇಡು,” ಎಂದಳು. “ಅಲ್ಲಾದ್ರೆ ಉಪಯೋಗಕ್ಕೆ ಬರುತ್ತೆ. ಹಾಸಿಗೆ ಒಗೆದಿಟ್ಟಿದ್ದೀನಿ. ಅದು ನೆನಪಿದೆ ನೋಡು ನಂಗೆ.”

ತಮಾಷೆಗೆಂದು ಹೇಳಿದ್ದು.

ತೊಟ್ಟಿಲಿನ ಎರಡು ಕಡೆ ಹಿಡಿದು ಎತ್ತಿದೆ. ಹಗುರದ ತೊಟ್ಟಿಲು, ನಾನೇ ಮಾಡಿದ್ದು. ಬಾಗಿಲವರೆಗೆ ಹೋದೆ. ಹೊಸ್ತಿಲು ದಾಟಲು ಕಾಲು ಬರಲಿಲ್ಲ. ಇದನ್ನು ಹೊತ್ತು ಹೊರಗೆ ಹೋದರೆ ಇನ್ನು ಈ ಜನ್ಮದಲ್ಲಿ ನಾನು ಬಾಯಿ ಬಿಡುವುದಿಲ್ಲ ಎಂದು ಗೊತ್ತಾಯಿತು. ಕೆಳಗಿಟ್ಟೆ.

“ಇಬ್ರೂ ಸ್ವಲ್ಪ ಹಿತ್ತಲಿಗೆ ಬನ್ನಿ,” ಎಂದೆ. “ಮಗೂನ ಇಲ್ಲಿ ಕೊಡಮ್ಮ.”

ಸೊಸೆ ಏನೂ ತಿಳಿಯದೆ ಮಗುವನ್ನು ಕೊಟ್ಟಳು. ಗೂಡಿನ ಹತ್ತಿರ ಹೋಗಿ ಒಂದು ಕೈಯಲ್ಲಿ ಕೊಕ್ಕೆ ಬಿಡಿಸಿ ಪಕ್ಕಕ್ಕೆ ಸರಿಸಿದೆ. ಹಳೆಯ ಅಗುಳಿಯನ್ನು ಪೂರ್ತಿ ಮುಚ್ಚಿ, “ಅಕ್ಕಾ, ಮುಚ್ಚಿದೆ, ನೋಡಿದ್ಯಾ?” ಎಂದೆ. ಅವಳು ಹೂಂ ಎಂದಳು. ಮಗುವನ್ನು ಬಗ್ಗಿಸಿ ಅದರ ಬೆರಳನ್ನು ಅಗುಳಿಯ ಹಿಡಿಯ ಮೇಲಿಟ್ಟೆ. ಕೈಗೆ ಸಿಕ್ಕಿದ್ದನ್ನು ಎಳೆಯುವುದು ಮಕ್ಕಳ ಅಭ್ಯಾಸ. ಅದು ಎಳೆಯಿತು. ಅಗುಳಿ ಸದ್ದಿಲ್ಲದೆ ಸರಿಯಿತು. ಬಾಗಿಲು ತೆರೆದುಕೊಂಡಿತು. ಮಗು ಖುಷಿಯಿಂದ ಕೇಕೆ ಹಾಕಿತು.

“ಏಳು ತಿಂಗಳ ಕೂಸಿನ ಕೈಗೆ ಬರುತ್ತೆ,” ಎಂದೆ. “ಬೆಕ್ಕಿಗೆ ಬರದೆ ಇರುತ್ತಾ? ನೀನು ಅವತ್ತು ಮುಚ್ಚಿದ್ದೆ ಅಕ್ಕ. ಬೆಕ್ಕು ತೆಗೀತು. ಉಗುರಿನ ಗೀರಿತ್ತು.”

ಅಕ್ಕ ಅಗುಳಿಯನ್ನು ನೋಡಿದಳು. “ಎಲ್ಲಿದೆ ಗೀರು?”

“ಉಜ್ಜಿಬಿಟ್ಟೆ.”

“ಯಾವಾಗ?”

“ಮಾರನೇ ದಿನ. ನೀನು ಚಹಾ ತಂದ್ಯಲ್ಲ, ಆಗ.”

ಸೊಸೆ, “ಮಾವಾ!” ಎಂದಳು, ಅಷ್ಟೇ. ಗುರುವಾರ ಅವಳು ಕೇಳಿದ್ದು, ನಾನು ಹೇಳಿದ್ದು ಎರಡೂ ಆ ಒಂದು ಮಾತಿನಲ್ಲಿದ್ದವು. ಅಕ್ಕ ಬೈಯಲಿ, ಕೂಗಾಡಲಿ, ಕೈಗೆ ಸಿಕ್ಕಿದ್ದು ಎತ್ತಿ ಹೊಡೆಯಲಿ ಎಂದು ಕಾದೆ. ಚಿಕ್ಕಂದಿನಲ್ಲಿ ಅಕ್ಕ ನನಗೆ ಎಷ್ಟು ಸಲ ಹೊಡೆದಿಲ್ಲ. ಅವಳು ಕಂಬದ ಮೇಲಿನ ಸೀಮೆಸುಣ್ಣದ ಗೆರೆಗಳ ಕಡೆ ನೋಡುತ್ತಿದ್ದಳು. ತುಟಿ ಅಲುಗುತ್ತಿತ್ತು, ಎಣಿಸುತ್ತಿದ್ದಳು.

“ಹನ್ನೊಂದು ದಿನ,” ಎಂದಳು. “ಹನ್ನೊಂದು ದಿನ ನಾನು ಕನ್ನಡಿ ಮುಂದೆ ನಿಂತು ನನ್ನ ಹೆಸರು ಹೇಳ್ಕೊಂಡೆ ಕಣೋ. ಮರೆತಿಲ್ಲ ತಾನೆ ಅಂತ.”

ನಾನು ತಲೆ ತಗ್ಗಿಸಿದೆ. ‘ತಪ್ಪಾಯ್ತು’ ಎಂದೆನೋ ಇಲ್ಲವೋ ಗೊತ್ತಿಲ್ಲ.

ಅಕ್ಕ ಹತ್ತಿರ ಬಂದು ಎರಡೂ ಕೈ ಚಾಚಿದಳು. “ಮಗೂನ ಇಲ್ಲಿ ಕೊಡು.”

ಊದಿದ ಬೆರಳುಗಳಲ್ಲೇ ಅದನ್ನು ಗಟ್ಟಿಯಾಗಿ ತೆಗೆದುಕೊಂಡು ಹೆಗಲಿಗೆ ಹಾಕಿಕೊಂಡಳು. ಅಡುಗೆಮನೆ ಕಡೆ ಹೊರಟಳು. ಸೊಸೆ ಅವಳ ಹಿಂದೆಯೇ ಓಡಿದಳು, ಬಾಗಿಲಲ್ಲಿದ್ದ ತೊಟ್ಟಿಲನ್ನು ಒಳಕ್ಕೆ ಎಳೆದುಕೊಂಡಳು. ಒಲೆಯ ಪಕ್ಕದ ಚೀಟಿಯನ್ನು ಅಕ್ಕ ಕಿತ್ತು ಮುದುಡುವುದು ಕಿಟಕಿಯಿಂದ ಕಾಣಿಸಿತು. ಆಮೇಲೆ ನಲ್ಲಿಯ ಮೇಲಿನದು. ನಾನು ಗೂಡಿನ ಪಕ್ಕ ನಿಂತೇ ಇದ್ದೆ. ಚಹಾ ಕುಡಿ ಎಂದು ಯಾರೂ ಕರೆಯಲಿಲ್ಲ. ಜಗಳಗಂಟಿ ಗೋಡೆಯ ಮೇಲಿನಿಂದ ಕತ್ತು ಓರೆ ಮಾಡಿ ನೋಡುತ್ತಿತ್ತು.

ಹೊರಡೋಣವೆಂದು ಗೇಟಿನ ಕಡೆ ಹೆಜ್ಜೆ ಹಾಕಿದೆ. ಕಿಟಕಿಯಿಂದ ಅಕ್ಕನ ದನಿ ಬಂತು. ಬೈಗುಳವೂ ಇಲ್ಲ, ಪ್ರೀತಿಯೂ ಇಲ್ಲ, ಬರೀ ದನಿ.

“ಹೋಗೋವಾಗ ಗೂಡಿನ ಕೊಕ್ಕೆ ಹಾಕಿ ಹೋಗು. ಮರೀಬೇಡ.”

ತಿರುಗಿ ಹೋಗಿ ಬಾಗಿಲು ಮುಚ್ಚಿ ಕೊಕ್ಕೆ ಹಾಕಿದೆ. ಗೇಟಿನವರೆಗೆ ಬಂದೆ. ಹಾಕಿದೆನೋ ಇಲ್ಲವೋ ಎಂದು ಅನುಮಾನವಾಯಿತು. ಮತ್ತೆ ಹೋಗಿ ಎಳೆದು ನೋಡಿದೆ. ಹಾಕಿತ್ತು. ಬೀದಿಗೆ ಬಂದು ಹತ್ತು ಹೆಜ್ಜೆ ನಡೆದವನು ಮತ್ತೆ ತಿರುಗಿ ಹೋದೆ. ಅಕ್ಕ ಮಗುವನ್ನು ಎತ್ತಿಕೊಂಡು ಕಿಟಕಿಯಲ್ಲಿ ನಿಂತು ನನ್ನನ್ನು ನೋಡುತ್ತಿದ್ದಳು. ‘ಹಾಕಿದ್ದೀಯ’ ಎಂದಾಗಲಿ, ‘ಇಲ್ಲ’ ಎಂದಾಗಲಿ ಅವಳು ಹೇಳಲಿಲ್ಲ.